ದೀಪಸ್ತಂಭದ ನೋಟು

ಮೃಣಾಲಿನಿ ಹನ್ನೆರಡು ನೋಟುಗಳನ್ನು ಹಳೆಯ ನಾಣ್ಯ, ನೋಟು ಕೊಳ್ಳುವ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಒಂದೊಂದಾಗಿ ಹರಡಿದಳು. ನೇರಳೆ ಬಣ್ಣದ ನೋಟು, ಅದರ ಮೇಲೊಂದು ದೀಪಸ್ತಂಭ. ಒಂದೊಂದೂ ಇನ್ನೂರೈವತ್ತು ಗಿಲ್ಡರ್. ಯೂರೋ ಬಂದ ಮೇಲೆ ಹಾಲೆಂಡಿನ ಅಂಗಡಿಗಳಲ್ಲಿ ಆ ದುಡ್ಡಿಗೆ ಒಂದು ತುಂಡು ಬ್ರೆಡ್ಡೂ ಸಿಗದು.

ಪಕ್ಕದಲ್ಲಿದ್ದ ಮೈದುನ ಶ್ರೀಪತಿ ಬಾಗಿಲ ಕಡೆ ನೋಡುತ್ತಿದ್ದ.

"ಸ್ವಲ್ಪ ಮೆಲ್ಲಗೆ, ಅತ್ತಿಗೆ. ಡಲ್ಲಾಸಲ್ಲಿ ನಮ್ಮವರು ಎಲ್ಲಿ ನೋಡಿದ್ರೂ ಇರ್ತಾರೆ."

"ನೋಡಲಿ," ಎಂದಳು ಅವಳು.

ಅವನ ಅಂಜಿಕೆಗೆ ಕಾರಣವಿತ್ತು. ಹದಿನೇಳು ವರ್ಷದ ಹಿಂದೆ ರಾಟರ್‌ಡ್ಯಾಮಿನಲ್ಲಿ ಹದಿನೆಂಟು ಕನ್ನಡ ಮನೆಗಳು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದವು. ಬಳಗದ ಹತ್ತು ಸಾವಿರ ಗಿಲ್ಡರ್, ಎಲ್ಲವೂ ಈ ದೀಪಸ್ತಂಭದ ನೋಟು, ಖಜಾಂಚಿಯ ಮನೆಯ ಬೀರುವಿನಿಂದ ಮಾಯವಾಯಿತು. ಬೀಗದ ಕೈ ಇದ್ದದ್ದು ಖಜಾಂಚಿ ಶ್ಯಾಮಸುಂದರನ ಬಳಿ, ಅಂದರೆ ಮೃಣಾಲಿನಿಯ ಗಂಡನ ಬಳಿ. ಆಗ ಅವರ ಮನೆಯಲ್ಲಿದ್ದವರು ಮೂವರೇ: ಗಂಡ, ಹೆಂಡತಿ, ಓದಲು ಬಂದಿದ್ದ ಶ್ರೀಪತಿ. ಪೊಲೀಸರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು. ಗಂಡ ಹೆಂಡತಿ ಟೆಕ್ಸಾಸಿಗೆ ಬಂದರೆ, ಖಜಾಂಚಿಯೇ ಕದ್ದ ಎಂಬ ಮಾತು ಮುಂದಿನ ವಿಮಾನದಲ್ಲೇ ಹಿಂಬಾಲಿಸಿ ಬಂತು. ಡಲ್ಲಾಸಿನ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಯಾರ ಮನೆಯ ಗೃಹಪ್ರವೇಶವಾದರೂ ಊಟದ ಹೊತ್ತಿಗೆ ಶ್ಯಾಮಸುಂದರನ ಪಕ್ಕದ ಕುರ್ಚಿ ಖಾಲಿ. ಹೋದ ಡಿಸೆಂಬರಿನಲ್ಲಿ ಅವನು ಆ ಅಪವಾದ ಹೊತ್ತುಕೊಂಡೇ ಸತ್ತ.

ಈಗ ಗಂಡನ ಹಳೆಯ ಸಾಮಾನಿನಲ್ಲಿ ಗಿಲ್ಡರ್ ಸಿಕ್ಕಿದೆ ಎಂದು ಅವಳು ಮೈದುನನಿಗೆ ಫೋನ್ ಮಾಡಿದ್ದಳು. ಅವನು ತಟ್ಟನೆ, "ಆ ಕಂದು ಸೂಟ್‌ಕೇಸಲ್ಲಾ?" ಎಂದಿದ್ದ. ಅವಳು ಹೂಂಗುಟ್ಟಿದ್ದಳು.

ಓದು ಮುಗಿಸಿ ತಾನೂ ಟೆಕ್ಸಾಸಿಗೇ ಬಂದು ನೆಲೆಸಿದ್ದ ಶ್ರೀಪತಿ ಮರುದಿನವೇ ಲಾಸ್ ಕೊಲಿನಾಸ್‌ನ ಆಫೀಸಿಗೆ ರಜೆ ಹಾಕಿ ಬಂದ. ಅಣ್ಣನನ್ನು ಬೈಯಲಿಲ್ಲ. ಆದದ್ದು ಆಗಿಹೋಯಿತು, ಸತ್ತವರ ಮಾನ ಕಳೆಯುವುದು ಬೇಡ, ಗುಟ್ಟಾಗಿ ಬದಲಾಯಿಸಿ ಅರ್ಧರ್ಧ ಹಂಚಿಕೊಳ್ಳೋಣ ಎಂದ.

ಡಲ್ಲಾಸಿನ ಅಂಗಡಿಯವನು ನೋಟಿಗೆ ಇಪ್ಪತ್ತು ಡಾಲರ್ ಅಂದ. ಮೃಣಾಲಿನಿ ನೋಟುಗಳನ್ನು ಬಳಿದುಕೊಂಡು ಎದ್ದಳು. ಮುಂದಿನ ಶನಿವಾರ ಹ್ಯೂಸ್ಟನ್ನಿನಲ್ಲಿ ನಲವತ್ತೈದಕ್ಕೆ ಏರಿತು. ಶ್ರೀಪತಿ ಮೊಣಕೈ ತಿವಿದ. ಅವಳು ಇಡೀ ಅಂಗಡಿಗೆ ಕೇಳುವಂತೆ ತನ್ನ ಹೆಸರು, ಗಂಡನ ಹೆಸರು ಎರಡೂ ಹೇಳಿ, ಆಗುವುದಿಲ್ಲ ಎಂದು ಹೊರಗೆ ಬಂದಳು.

ತಲೆ ತಗ್ಗಿಸಬೇಕಾದವಳು ಹೀಗೆ ತಲೆಯೆತ್ತಿ ನಡೆಯುವುದು ಶ್ರೀಪತಿಗೆ ಸಹಿಸಲಾಗಲಿಲ್ಲ. ಕಾರಿನಲ್ಲಿ ಅಂದೇಬಿಟ್ಟ: ಅಣ್ಣ ಮಾಡಿದ ಕೆಲಸಕ್ಕೆ ನಿಮಗಾದರೂ ನಾಚಿಕೆ ಬೇಡವೇ?

"ನಿಮ್ಮಣ್ಣ ಏನು ಮಾಡಿದ್ರು ಅನ್ನೋದು ಎಲ್ಲರಿಗೂ ಗೊತ್ತಾಗಲಿ ಅಂತಲೇ ಓಡಾಡ್ತಿದೀನಿ," ಎಂದಳು.

ಮೂರನೆಯ ಅಂಗಡಿ ಆಸ್ಟಿನ್ನಿನಲ್ಲಿ. ಅದನ್ನು ಅವಳೇ ಹುಡುಕಿದ್ದಳು. ಅಂಗಡಿಯ ಮುದುಕ ನೋಟರಿಯೂ ಹೌದು ಎಂದು ಬಾಗಿಲ ಮೇಲೇ ಬರೆದಿತ್ತು. ಅವನು ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿ, ನನಗೆ ಮಾರಬೇಡಿ ಎಂದ. ಹಾಲೆಂಡಿನ ಕೇಂದ್ರ ಬ್ಯಾಂಕು ಇವನ್ನು ಇನ್ನೂ ಪೂರ್ತಿ ಬೆಲೆಗೆ ತೆಗೆದುಕೊಳ್ಳುತ್ತದೆ, ಅಂಚೆಯಲ್ಲಿ ಕಳಿಸಿದರಾಯಿತು, ಒಂದಕ್ಕೆ ನೂರು ಯೂರೋದ ಮೇಲೆ ಬರುತ್ತದೆ. ಹಣ ಹೇಗೆ ಬಂತು, ಎಲ್ಲಿತ್ತು ಎಂದು ಬರೆದು ಸಹಿ ಮಾಡಬೇಕು, ಅಷ್ಟೇ.

ಮೃಣಾಲಿನಿ ಪೆನ್ನು ಕೆಳಗಿಟ್ಟಳು. ಹೇಗೆ ಬಂತೆಂದು ತನಗೆ ಗೊತ್ತಿಲ್ಲ, ಸುಳ್ಳು ಬರೆಯಲಾರೆ, ಇದಿಷ್ಟನ್ನೂ ರಾಟರ್‌ಡ್ಯಾಮಿನ ಬಳಗಕ್ಕೆ ಕಳಿಸಿ ಕೈ ತೊಳೆದುಕೊಳ್ಳುತ್ತೇನೆ ಎಂದಳು. ನೋಟುಗಳು ಮತ್ತೆ ಬ್ಯಾಗು ಸೇರತೊಡಗಿದವು.

ಶ್ರೀಪತಿ ಅವಳ ಕೈ ತಡೆದ.

"ಅತ್ತಿಗೆ, ಇದು ನನ್ನ ದುಡ್ಡು."

"ನಿನ್ನದಾದ್ರೆ ನಮ್ಮ ಸೂಟ್‌ಕೇಸಿಗೆ ಯಾಕೆ ಬಂತು?"

"ನಾನೇ ಬಚ್ಚಿಟ್ಟಿದ್ದೆ. ತೆಗೆಯೋಕೆ ಮುಂಚೆ ಅಣ್ಣ ಅದನ್ನ ತಗೊಂಡು ಅಮೆರಿಕಕ್ಕೆ ಹೊರಟ್ಬಿಟ್ರು."

"ಹಾಗಾದ್ರೆ ಹಾಗೇ ಬರಿ. ಇದ್ದದ್ದು ಇದ್ದ ಹಾಗೆ. ತಪ್ಪಿದ್ರೆ ಬ್ಯಾಂಕಿನವರು ತಿರುಗಿ ಕಳಿಸ್ತಾರೆ."

ಶ್ರೀಪತಿ ಬರೆದ. ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ರಾಟರ್‌ಡ್ಯಾಮ್. ಇನ್ನೂರೈವತ್ತರ ನಲವತ್ತು ನೋಟು, ಒಟ್ಟು ಹತ್ತು ಸಾವಿರ ಗಿಲ್ಡರ್, ನನ್ನ ಸ್ವಂತ ಉಳಿತಾಯ. ಅಣ್ಣನಿಗೆ ತಿಳಿಯದಂತೆ ಅವನ ಕಂದು ಸೂಟ್‌ಕೇಸಿನ ಒಳಬಟ್ಟೆ ಬಿಚ್ಚಿ ಇಟ್ಟು ಹೊಲಿದೆ. ಕೆಳಗೆ ಸಹಿ. ದೂರದ ಬ್ಯಾಂಕು, ಗಟ್ಟಿಯಾಗಿರಲಿ ಎಂದು ಮೃಣಾಲಿನಿ ನೋಟರಿ ಮುದ್ರೆಯನ್ನೂ ಹಾಕಿಸಿದಳು. ಆಮೇಲೆ ಕಾಗದವನ್ನು ಎರಡು ಸಲ ಓದಿದಳು. ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

"ಇದನ್ನ ಅಂಚೆಗೆ ನಾನೇ ಹಾಕ್ತೀನಿ ಶ್ರೀಪತಿ. ಬ್ಯಾಂಕಿಗಲ್ಲ. ಆ ಹದಿನೆಂಟು ಮನೆಗೂ ಒಂದೊಂದು ಪ್ರತಿ."

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮುಖ ಬಿಳಿಚಿತು. ಆದರೂ ಆಸೆ ಬಾಯಿ ಬಿಡಿಸಿತು: "ಮಿಕ್ಕ ಇಪ್ಪತ್ತೆಂಟು ನೋಟು ಎಲ್ಲಿವೆ?"

"ನನಗೇನು ಗೊತ್ತು? ಆ ಸೂಟ್‌ಕೇಸನ್ನ ಡಲ್ಲಾಸಿಗೆ ಬಂದ ವರ್ಷವೇ ಯಾರಿಗೋ ದಾನ ಕೊಟ್ಟಾಯ್ತು."

ಈ ಹನ್ನೆರಡು ನೋಟುಗಳನ್ನು ಅವಳು ಹೋದ ತಿಂಗಳು ಆಸ್ಟಿನ್ನಿನ ಪಕ್ಕದ ಲಿಯಾಂಡರಿನಲ್ಲಿ ಹಳೆಯ ನೋಟು ಕೂಡಿಡುವ ಒಬ್ಬನಿಂದ ಕೊಂಡು ತಂದಿದ್ದಳು.