ಹುಲಿಗೆಪ್ಪ ಪಿಯಾನೊ ನುಡಿಸಿದ್ದು

ಪಿಯಾನೊದ ಮುಂದೆ ಕುಳಿತ ಹುಲಿಗೆಪ್ಪ ಮಾಸ್ತರ ಕೈ ಹಚ್ಚುವ ಮೊದಲು ಕಾಲಿಂದ ತುಳಿಯಲು ಶುರು ಮಾಡಿದ. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಕಾಲ್ಪೇಟಿ, ಅಂದರೆ ಕಾಲಿಂದ ಗಾಳಿ ತುಂಬುವ ಹಾರ್ಮೋನಿಯಂ, ಬಾರಿಸಿದವನ ರೂಢಿ ಅದು. ಗಾಳಿ ತುಂಬದೆ ಪೇಟಿ ನುಡಿಯುವುದುಂಟೆ? ಎಡಗಾಲು ಕೆಳಗಿನ ಪೆಡಲು ಒತ್ತಿದ್ದೇ ತಡ, ಕರಿ ಬಿಳಿ ಪಟ್ಟಿಗಳ ಇಡೀ ಸಾಲು ಎಳ್ಳಷ್ಟು ಬಲಕ್ಕೆ ಸರಿಯಿತು. ಹಾವು ತುಳಿದವನಂತೆ ಕಾಲೆತ್ತಿಬಿಟ್ಟ.

"ಏನಾತ್ರಿ ಮಾಸ್ತರ?" ಬಾಗಿಲಲ್ಲಿ ನಿಂತಿದ್ದ ಕುಬೇರಪ್ಪ ನಕ್ಕ. ಅಳ್ನಾವರದಲ್ಲಿ ಕಟ್ಟಿಗೆ ವ್ಯಾಪಾರ ಅವನದು. ಮಳೆಗಾಲದಲ್ಲಿ ತೀರಿಕೊಂಡ ಒಬ್ಬ ಮೇಮ್‌ಸಾಹೇಬರ ಬಂಗಲೆ ಕೊಂಡಿದ್ದ. ಚಕ್ಕಡಿಯಷ್ಟು ದೊಡ್ಡದಾದ ಈ ಮೂರು ಕಾಲಿನ ವಾದ್ಯ ಅದರ ಜೊತೆಗೇ ಬಂದಿತ್ತು.

"ಏನಿಲ್ರಿ ಸಾವ್ಕಾರ್ರ, ಸರದಾಡತೈತ್ರಿ ಇದು."

"ಸರದಾಡ್ಲಿ, ಓಡ್ಯಾಡ್ಲಿ. ನುಡಿತೈತೋ ಇಲ್ಲೋ, ಅಷ್ಟ ನೋಡಿ ಹೇಳ್ರಿ. ಅದಕ್ಕ ನಿಮ್ಮನ್ನ ಸಂಶಿಯಿಂದ ಕರಸೇನಿ. ಗೋವಾದಾಗ ಒಂದು ಸಾಲಿಯವರು ಕೇಳ್ಯಾರ, ನುಡಿದರ ಮಾತ್ರ ಕಳಸು ಅಂದಾರ. ನಾಕಕ್ಕ ನಮ್ಮ ಲಾರಿ ಹೊಂಟೈತಿ" ಎಂದು ಹೇಳಿ ಕುಬೇರಪ್ಪ ರೈಲು ಹಳಿಯಾಚೆಯ ತನ್ನ ಕಟ್ಟಿಗೆ ಅಡ್ಡೆಗೆ ಹೋದ.

ಹುಲಿಗೆಪ್ಪ ಒಂದು ಬಿಳಿ ಪಟ್ಟಿ ಒತ್ತಿದ. ಸ್ವರ ಎದ್ದು ಕೋಣೆ ತುಂಬಿ, ಬೆರಳು ಅಲ್ಲೇ ಇದ್ದರೂ, ಮೆಲ್ಲಗೆ ತಾನಾಗಿಯೇ ಕರಗಿತು. ಪೇಟಿಯ ಸ್ವರ ಹೀಗಲ್ಲ, ಬೆರಳೆತ್ತುವವರೆಗೂ ಒಂದೇ ಸಮ ಕೂಗುತ್ತದೆ. ಇಲ್ಲಿ ಹಗುರಾಗಿ ಒತ್ತಿದರೆ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ, ಕೊಂಚ ಭಾರ ಹಾಕಿದರೆ ಎದೆಗೇ ಬಂದು ತಟ್ಟುವ ಹಾಗೆ. ಎಡಕ್ಕೆ ಸರಿದಷ್ಟೂ ಮಂದ್ರ ಸ್ವರಗಳು ಮುಗಿಯುತ್ತಲೇ ಇರಲಿಲ್ಲ. ಅವನಿಗೆ ಹುಚ್ಚು ಹಿಡಿದಷ್ಟು ಖುಷಿಯಾಯಿತು. ಪೀಲು ರಾಗ ಹಿಡಿದು ಒಂದು ಸಾಲು ನುಡಿಸಿದ. ರೂಢಿಯಂತೆ ಹಾಡುವವರಿಗೆ ಜಾಗ ಬಿಟ್ಟು ಕಾದ. ಯಾರೂ ಹಾಡಲಿಲ್ಲ. ಮೂವತ್ತು ವರ್ಷ ಮಂದಿಯ ಗಂಟಲಿನ ಬೆನ್ನು ಹತ್ತಿ ಓಡಿದವನು, ಆ ಜಾಗವನ್ನೂ ತಾನೇ ತುಂಬಿದ. ಮತ್ತೆ ನುಡಿಸಿದ, ಮತ್ತೆ ತುಂಬಿದ. ಮಧ್ಯಾಹ್ನ ಎರಡು ಗಂಟೆಯಾದದ್ದು ತಿಳಿಯಲಿಲ್ಲ.

ಕಂಪನಿ ಮುಚ್ಚಿ ನಾಲ್ಕು ವರ್ಷವಾಗಿತ್ತು. ಮಾಲೀಕ ಡೇರೆಯ ಜೊತೆ ಪೇಟಿಯನ್ನೂ ಮಾರಿದ್ದ. ಮರುವರ್ಷ ಹೆಂಡತಿ ಸಾವಂತ್ರೆವ್ವ ತೀರಿಹೋದಳು. ಈಗ ಎಷ್ಟೋ ದಿನ ಖಾನಾವಳಿಯಲ್ಲಿ "ಇನ್ನೊಂದ ರೊಟ್ಟಿ ಹಾಕ್ರಿ" ಅನ್ನುವುದೇ ಹುಲಿಗೆಪ್ಪನ ಇಡೀ ದಿನದ ಮಾತು. ಅಂಥವನಿಗೆ ಇವತ್ತು ಇದು ಸಿಕ್ಕಿತ್ತು, ನಾಲ್ಕು ಗಂಟೆಗೆ ಹೊರಟೂ ನಿಂತಿತ್ತು.

ಕುಬೇರಪ್ಪ ತಿರುಗಿ ಬಂದಾಗ ಹುಲಿಗೆಪ್ಪ ಮುಖ ಗಂಟು ಹಾಕಿಕೊಂಡು ಕುಳಿತಿದ್ದ.

"ಕೆಟ್ಟೈತ್ರಿ ಸಾವ್ಕಾರ್ರ. ಒಳಗ ತಂತಿ ಸಡ್ಲ ಆಗ್ಯಾವು. ಎರಡ ತಿಂಗಳಾ ದಿನಾ ಬಂದು ರಿಪೇರಿ ಮಾಡಬೇಕು. ರೊಕ್ಕ ಏನೂ ಬ್ಯಾಡ್ರಿ ನನಗ."

"ಎರಡ ತಿಂಗಳಾ?" ಕುಬೇರಪ್ಪ ಪಿಯಾನೊದ ಮೈಯನ್ನು ಬೆರಳಿನಿಂದ ಕುಟ್ಟಿ ನೋಡಿದ. "ಅಷ್ಟ ದಿನ ಯಾರ ಕಾಯ್ತಾರ? ಕಟ್ಟಿಗಿ ಅಗದಿ ಛಲೋ ಐತಿ, ಎರಡು ಬಾಗಲಾ ಆಗತಾವು." ಹೊರಗೆ ಮುಖ ಮಾಡಿ ಕೂಗಿದ: "ಬಸವಣ್ಣೆಪ್ಪಾ! ಪಾನಾ ತಗೊಂಡ ಬಾರಲೇ. ಇದರ ಕಾಲು ಬಿಚ್ಚು, ಗರಗಸಕ್ಕ ಹಾಕೂಣು."

ಆಳು ಬಸವಣ್ಣೆಪ್ಪ ಬಂದು ಬಗ್ಗಿ ಮೊದಲ ನಟ್ಟಿಗೆ ಪಾನಾ ಹಚ್ಚಿಯೇಬಿಟ್ಟ.

"ಏ, ನಿಂದರಪಾ!" ಹುಲಿಗೆಪ್ಪ ಚೀರಿದ. ಪಟ್ಟಿಗಳ ಮೇಲೆ ಎರಡೂ ಕೈ ಇಟ್ಟು ನುಡಿಸತೊಡಗಿದ. ಜೀವಮಾನದಲ್ಲಿ ಅಷ್ಟು ಚೆಂದ ಅವನು ಎಂದೂ ನುಡಿಸಿರಲಿಲ್ಲ. ಚೆಂದ ನುಡಿಸಿದಷ್ಟೂ ಅದು ಲಾರಿ ಏರುವುದು ಖಾತ್ರಿ. ಅದು ಗೊತ್ತಿದ್ದೂ ಒಂದು ಸ್ವರವನ್ನೂ ಕದಿಯಲಿಲ್ಲ, ಒಂದು ಬೆರಳನ್ನೂ ಹಿಂದೆ ಹಿಡಿಯಲಿಲ್ಲ. ಬಸವಣ್ಣೆಪ್ಪ ಪಾನಾ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೇ ಕುಳಿತುಬಿಟ್ಟ.

"ಎಲಾ ಇವನ!" ಮುಗಿದ ಮೇಲೆ ಕುಬೇರಪ್ಪ ಬೆರಗಾಗಿ ಅಂದ. "ಇಷ್ಟ ಛಲೋ ನುಡಿತೈತಲ್ಲರಿ! ಮತ್ತ ಕೆಟ್ಟೈತಿ ಅಂದ್ರಿ?"

"ಸುಳ್ಳ ಹೇಳಿದೆ ನಾ. ದಿನಾ ಬರಾಕ ಒಂದು ನೆವ ಬೇಕಾಗಿತ್ರಿ ನನಗ."

ಕುಬೇರಪ್ಪ ಗಡಿಯಾರ ನೋಡಿಕೊಂಡ. "ಮೂರೂವರಿ ಆತು. ಮಂದೀನ್ನ ಕರಕೊಂಡ ಬರ್ತೀನಿ. ಇನ್ನ ಮುಟ್ಟಬ್ಯಾಡ್ರಿ ಮಾಸ್ತರ. ಈಗ ಅದು ಮಂದಿ ಮಾಲು."

"ಹೌದ್ರಿ" ಅಂದ ಹುಲಿಗೆಪ್ಪ.

ಅರ್ಧ ತಾಸಿನ ಮೇಲೆ ಎಂಟು ಮಂದಿ ಹಗ್ಗ, ಬೊಂಬು ಹಿಡಿದು ಒಳಗೆ ಬಂದರು. ಅರವತ್ತೆರಡು ವರ್ಷದ ಮಾಸ್ತರ ಇನ್ನೂ ಪಿಯಾನೊದ ಮುಂದೆಯೇ ಇದ್ದ, ಎರಡೂ ಅಂಗೈಗಳನ್ನು ತನ್ನ ತೊಡೆಗಳ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಬಿಗಿಯಾಗಿ ಕುಳಿತು.