ನೈದಿಲೆ ಹೊಂಡ

ಈ ಸಲವೂ ಮೆಟ್ಟಿಲ ಹತ್ತಿರವೇ ಹುಟ್ಟಿತ್ತು. ಬಕ್ಕೇಶಪ್ಪ ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಅದನ್ನು ಬೇರು ಸಮೇತ ಕಿತ್ತು ದಡಕ್ಕೆ ಎಸೆದರು. ಅಂತರಗಂಗೆ. ನೀರ ಮೇಲೆ ತೇಲುವ ಅಂಗೈಯಗಲದ ಹಸಿರು ಗೊಂಚಲು. ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಹೊಂಡವನ್ನೇ ಮುಚ್ಚಿಬಿಡುತ್ತದೆ. ಇಪ್ಪತ್ತು ದಿನದ ಹಿಂದಷ್ಟೇ ಎಲ್ಲ ತೆಗೆಸಿ ಹಸನು ಮಾಡಿಸಿದ್ದರು.

"ಯಾರೋ ಬೇಕಂತ ತಂದು ಬಿಡ್ತಿದಾರೆ."

ಕಳೆ ತೆಗೆಯುವ ಹನುಮಂತಪ್ಪ ಬಲೆ ಒದರುತ್ತಾ ಹೇಳಿದ: "ಬರೋದಂತೂ ಹೊರಗಿಂದಾನೇ ಯಜಮಾನ್ರೆ. ಇದರ ಬೀಜ ರಾಗಿಗಿಂತ ಸಣ್ಣದು, ಯಾತಕ್ಕಾದ್ರೂ ಅಂಟ್ಕಂಡು ಬರ್ತೈತೆ. ಆದ್ರೆ ಪ್ರತಿ ಸಲ ಮೆಟ್ಲ ಹತ್ರಾನೇ ಯಾಕ ಶುರು ಆಗ್ತೈತೋ ಗೊತ್ತಿಲ್ಲ."

ಬಕ್ಕೇಶಪ್ಪನವರಿಗೆ ಅಷ್ಟು ಸಾಕಾಯಿತು. ಆ ಮೆಟ್ಟಿಲಿಗೆ ಬರುತ್ತಿದ್ದವರು ಇಬ್ಬರೇ. ಒಬ್ಬರು ಅವರು. ಇನ್ನೊಬ್ಬ ಬೇಲಿಯಾಚೆ ಮೀನು ಹೊಂಡ ಮಾಡಿ, ಬಾತುಕೋಳಿ ಸಾಕಿಕೊಂಡಿದ್ದ ತೋಟಪ್ಪ.

ಆವರಗೆರೆಯ ಆ ತೋಟದಲ್ಲಿ ಹೊಂಡ ತೋಡಿಸಿದ್ದು ಅವರ ಹೆಂಡತಿ ದ್ರಾಕ್ಷಾಯಣಮ್ಮ, ಪೂಜೆಗೆ ಬಿಳಿ ನೈದಿಲೆ ಬೇಕೆಂದು. ಹರಿಹರದ ಹೆಣ್ಣುಮಗಳು. ತವರಿನ ಹೊಳೆ ನೀರು ಬಿದ್ದರೇನೇ ನನ್ನ ಹೂ ಅರಳೋದು ಎನ್ನುತ್ತಿದ್ದರು. ಸೋಮವಾರ ಸೋಮವಾರ ಗಂಡನ ಸ್ಕೂಟರಿನಲ್ಲಿ ಹೋಗಿ ಒಂದು ಕ್ಯಾನು ನೀರು ತರುವುದು, ತಲೆತುಂಬ ಸೆರಗು ಹೊದ್ದು, ಕ್ಯಾನಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಶಿವಶಿವಾ ಎನ್ನುತ್ತಾ ಮೆಟ್ಟಿಲ ಮೇಲೆ ನಿಂತು ಸುರಿಯುವುದು. ಅವರ ಶಾಸ್ತ್ರಗಳು ಒಂದೆರಡಲ್ಲ. ಅವರು ತೀರಿಕೊಂಡು ಎರಡು ವರ್ಷ. ಬಕ್ಕೇಶಪ್ಪನವರಿಗೆ ಶಾಸ್ತ್ರ ಗೀಸ್ತ್ರ ಬಾರದು, ಆದರೆ ಸೋಮವಾರ ನೀರು ತಂದು ಸುರಿಯುವುದನ್ನು ತಪ್ಪಿಸಿರಲಿಲ್ಲ. ಕ್ಯಾನಿನಲ್ಲಿ ಉಳಿದದ್ದನ್ನು ಸ್ಟೀಲಿನ ತಂಬಿಗೆಗೆ ತುಂಬಿ, ಬಿಸಿಲು ಬೀಳುವ ಕಿಟಕಿಯಲ್ಲಿ, ಹೆಂಡತಿಯ ಫೋಟೋದ ಮುಂದೆ ಇಡುತ್ತಿದ್ದರು. ತಂಬಿಗೆಯ ಕೆಳಗೆ ಹೆಂಡತಿಯದೇ ಆ ಬಿಳಿ ಬಟ್ಟೆ, ಅವರು ಮಡಿಚಿಟ್ಟಂತೆಯೇ. ಆ ಮಡಿಕೆ ಬಿಚ್ಚಲು ಮನಸ್ಸು ಬಂದಿರಲಿಲ್ಲ. ಇಡೀ ಮನೆಯಲ್ಲಿ ಬಕ್ಕೇಶಪ್ಪ ಬಾಯಿಬಿಟ್ಟು ಮಾತಾಡುತ್ತಿದ್ದುದು ಆ ಕಿಟಕಿಯ ಹತ್ತಿರ ಮಾತ್ರ.

ಇಲ್ಲದಿದ್ದರೆ ಸಂಜೆ ತೋಟಪ್ಪನ ಜೊತೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ದ್ರಾಕ್ಷಾಯಣಮ್ಮನವರನ್ನು ಅಕ್ಕ ಎಂದೇ ಕರೆದವನು. ಆದರೆ ಒಮ್ಮೆ ಅವನೇ ಕೇಳಿದ್ದ: "ಈ ಹೊಂಡಕ್ಕೂ ನಾಕು ಮೀನು ಬಿಡಣೇನಣ್ಣ?" ಆಗ ನಕ್ಕುಬಿಟ್ಟಿದ್ದ ಬಕ್ಕೇಶಪ್ಪನವರಿಗೆ ಈಗ ಆ ಮಾತು ಬೇರೆಯಾಗಿ ಕೇಳತೊಡಗಿತು. ಕಳೆ ಬರತೊಡಗಿದ್ದೂ ಹೆಂಡತಿ ಹೋದ ಮೇಲೆಯೇ. ನೈದಿಲೆಯಂತೂ ಮೂರೇ ಬಳ್ಳಿ ಉಳಿದಿದ್ದವು.

"ನಿನ್ ಬಾತುಕೋಳಿ ಕಾಲಿಗೆ ಅಂಟ್ಕಂಡು ಬರ್ತೈತೆ, ತೋಟಪ್ಪ."

ಮಾರನೆಯ ದಿನವೇ ತೋಟಪ್ಪ ಹನ್ನೊಂದು ಬಾತುಕೋಳಿಯನ್ನೂ ಕೋಳಿ ವ್ಯಾಪಾರದ ಖಾಜಾ ಹುಸೇನನಿಗೆ ಕೊಟ್ಟುಬಿಟ್ಟ. ಕಳೆ ಮತ್ತೆ ಬಂತು.

"ಹಂಗಾದ್ರೆ ನಿನ್ ಕೈಲೇ ಬರ್ತೈತೆ," ಎಂದರು ಬಕ್ಕೇಶಪ್ಪ. "ಆಕಿ ಹೂವು ಸತ್ರೆ ಹೊಂಡ ನಿನಗ ಬಿಡ್ತೀನಿ ಅಂತ ಕಾಯ್ತಿದೀಯ."

ತೋಟಪ್ಪ ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟ. "ಅಕ್ಕಾರ ಹೊಂಡಕ್ಕ ನಾನು ಕಳೆ ಬಿಡ್ತೀನಿ ಅಂದ್ರಲ್ಲಣ್ಣ. ಆತು ಬಿಡ್ರಿ. ನನ್ ಹೊಂಡಾನೇ ಇಲ್ದಂಗ ಮಾಡ್ತೀನಿ."

ವಾರದೊಳಗೆ ಟ್ರ್ಯಾಕ್ಟರಿನಲ್ಲಿ ಮಣ್ಣು ಬಂತು. ಮೀನೆಲ್ಲ ಮಾರಿ, ಹೊಂಡ ಮುಚ್ಚಿಸಿ, ತೋಟಪ್ಪ ಎಸ್.ಎಸ್. ಬಡಾವಣೆಯ ತಮ್ಮನ ಮನೆಗೆ ಹೊರಟುಹೋದ. ಹೋಗುವಾಗ ಈ ಕಡೆ ತಿರುಗಿಯೂ ನೋಡಲಿಲ್ಲ.

ಅದೇ ವಾರ ಬಕ್ಕೇಶಪ್ಪನವರಿಗೆ ಚಿಕುನ್‌ಗುನ್ಯ ಹಿಡಿಯಿತು. ಜ್ವರ ಬಿಟ್ಟರೂ ಕೀಲುನೋವು ಬಿಡಲಿಲ್ಲ. ಮನೆಯಿಂದ ಹೊಂಡದ ದಡಕ್ಕೆ ಹೋಗುವುದೇ ಒಂದು ಪ್ರಯಾಣವಾಯಿತು, ಸ್ಕೂಟರಿನ ಮಾತು ದೂರವೇ ಉಳಿಯಿತು. ಹನುಮಂತಪ್ಪ ಎರಡು ಸಲ ಬಂದು ಉಳಿದಿದ್ದ ಕಳೆಯನ್ನೆಲ್ಲ ಬಳಿದು ತೆಗೆದ. ಆಮೇಲೆ ಒಂದು ಎಲೆಯೂ ಹುಟ್ಟಲಿಲ್ಲ.

"ಈಗ ನೋಡ್ರಿ, ಬರೋದು ನಿಂತೇ ಹೋತು," ಎಂದ ಹನುಮಂತಪ್ಪ.

"ತರೋನೇ ಹೋದ ಮೇಲೆ ಎಲ್ಲಿಂದ ಬರ್ತೈತೆ," ಎಂದರು ಬಕ್ಕೇಶಪ್ಪ.

ಒಂದೂವರೆ ತಿಂಗಳಿಗೆ ಒಂಬತ್ತು ನೈದಿಲೆ ಅರಳಿದವು. ತಾನು ಹೇಳಿದ್ದೇ ನಿಜವಾಯಿತು. ಆದರೆ ಅದನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರಿದ್ದರು? ಒಂದು ಸಂಜೆ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಮಂಡಕ್ಕಿ ತರಿಸಿದರು. ಅರ್ಧ ತಿಂದು, ಉಳಿದರ್ಧವನ್ನು ನೋಡುತ್ತಾ ಕತ್ತಲಾಗುವವರೆಗೆ ಕೂತರು. ತೋಟಪ್ಪ ಬೇಕಿತ್ತು. ಕಳ್ಳನಾದರೂ ಚಿಂತೆಯಿಲ್ಲ, ಅವನು ಬೇಕಿತ್ತು.

ಸೋಮವಾರ ಬೆಳಗ್ಗೆ ಮೊಣಕಾಲು ಮಾತು ಕೇಳುವಂತಿತ್ತು. ದೊಡ್ಡವನಾಗಿ ತಾನೇ ಕ್ಷಮಿಸಿಬಿಡುವುದೆಂದು ನಿರ್ಧರಿಸಿ, ಬಕ್ಕೇಶಪ್ಪ ಇಸ್ತ್ರಿ ಅಂಗಿ ತೊಟ್ಟರು. ಮೊದಲು ಎಸ್.ಎಸ್. ಬಡಾವಣೆ. ಆಡಬೇಕಾದ ಮಾತನ್ನು ಕನ್ನಡಿಯ ಮುಂದೆ ಹೇಳಿ ನೋಡಿಕೊಂಡರು: "ಆದದ್ದು ಆತು ತೋಟಪ್ಪ, ನಾನೇನು ಮನಸಿನಾಗ ಇಟ್ಕಂಡಿಲ್ಲ." ಒಪ್ಪಿದರೆ ಅವನನ್ನೂ ಹಿಂದೆ ಕೂರಿಸಿಕೊಂಡು ಹರಿಹರ.

ಹೊಸ ನೀರು ತುಂಬಬೇಕಲ್ಲ, ಹಳೆಯದನ್ನು ಚೆಲ್ಲೋಣವೆಂದು ಕಿಟಕಿಯಲ್ಲಿದ್ದ ತಂಬಿಗೆಯನ್ನು ಎತ್ತಿಕೊಂಡರು. ಕಾಯಿಲೆ ಬಿದ್ದಾಗಿನಿಂದ ಅದನ್ನು ಮುಟ್ಟಿರಲಿಲ್ಲ. ಮುಟ್ಟಲು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ತಂಬಿಗೆಯೊಳಗೆ, ಹೊಳೆಯ ನೀರಿನ ಮೇಲೆ, ಹೆಸರುಕಾಳಿನಷ್ಟು ಸಣ್ಣ ಅಂತರಗಂಗೆ ಎರಡೆಲೆ ಬಿಟ್ಟು ತೇಲುತ್ತಿತ್ತು.

ತಂಬಿಗೆಯ ಅಡಿಗಿದ್ದ ದ್ರಾಕ್ಷಾಯಣಮ್ಮನ ಬಟ್ಟೆಯನ್ನು ಎರಡು ವರ್ಷದಲ್ಲಿ ಮೊದಲ ಸಲ ಬಿಚ್ಚಿದರು: ಸೋಸಿ ಸೋಸಿ, ಅದರ ನಡುಭಾಗವೆಲ್ಲ ಹಸಿರಾಗಿತ್ತು.