ಊದಿದ ಹಣತೆ

ಆರಿದ ಬತ್ತಿಯ ವಾಸನೆ ಬಂದರೆ ಈಗಲೂ ನನ್ನ ತಲೆ ತಗ್ಗುತ್ತದೆ.

ಲಂಡನ್ನಿನ ಕೊಲಿಂಡೇಲ್‌ನಲ್ಲಿ ನಮ್ಮ ಪಕ್ಕದ ಫ್ಲಾಟ್‌ನವರು ನೇಪಾಳದ ಆಂಟಿ. 2015ರ ಒಂದು ಮಧ್ಯಾಹ್ನ ಧಾರವಾಡದ ನನ್ನಮ್ಮ ಹಣತೆ ಹಚ್ಚಿ ಕೈಗೆ ಕೊಟ್ಟಳು. "ಅವ್ರ ದೇಶಕ್ಕ ಹೊಸಾ ಸಂವಿಧಾನ ಬಂದದ, ಕೊಟ್ಟು ಬಾ."

ಬಾಗಿಲು ತೆರೆದ ಆಂಟಿ ಒಂದೇ ಉಸಿರಿಗೆ ದೀಪ ಊದಿಬಿಟ್ಟರು.

"ಬಾಯಿಂದ ಊದಬಾರದು ಆಂಟಿ, ಬ್ಯಾಡ್ ಲಕ್!" ಎಂದು ರೇಗಿದೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ.

"ಆ ಸಂವಿಧಾನ ಬೇಡ ಅಂತ ಮೆರವಣಿಗೆಗೆ ಹೋದ ನನ್ನ ತಮ್ಮನನ್ನು ಪೊಲೀಸರು ಗುಂಡು ಹೊಡೆದು ಕೊಂದರು," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು.

ಮನೆಗೆ ಓಡಿಬಂದು ಅಮ್ಮನಿಗೆ ನಾನು ಮೊದಲು ಹೇಳಿದ್ದು ಅವರು ದೀಪ ಊದಿದ್ದನ್ನು. ತಮ್ಮನ ಸುದ್ದಿ ಆಮೇಲೆ.

ಅಮ್ಮ ಬೈಯಲಿಲ್ಲ. ದೇವರ ಮುಂದಿನ ದೀಪವನ್ನು ಬಾಯಿಂದಲೇ ಊದಿ, ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದಳು.